ಬೀದರದಾಗ ಕೈಶ್ಯಾವಿಗಿ ಎಲ್ಲಿ ಸಿಗ್ತದ?

ಹೋದ ಸಲ ಹುಣಸಿ ತೊಕ್ಕಿನ ಬಗ್ಗೆ ಬರ್ದಾಗ ಭಾಳ ಮಂದಿ ಫೋನ್ ಮಾಡಿ ಛಲೋ ಆಗ್ಯಾದ ಅಂದ್ರಿ. ಈ ಸಲ ತೊಕ್ಕಲ್ಲ, ಒಂದು ಪ್ರಶ್ನಿ. ಪ್ರಶ್ನಿ ನಂದಲ್ಲ, ನನ್ನ ಮಗಳ್ದು. ಜವಾಬು ಹುಡುಕ್ಕೋತ ಹೋಗಿ ನಾ ನಮ್ಮ ಮನಿ ಹಳೇ ಮಾತೊಂದ್ರ ಮುಂದ ಹೋಗಿ ನಿಂತೆ. ಅದನ್ನೂ ಕಡೀಕ ಹೇಳ್ತೀನಿ.

ಮಗಳು ಬೆಂಗಳೂರಾಗ ಕಂಪನಿ ಕೆಲ್ಸ ಮಾಡ್ತಾಳ. ಹೋದ ವರ್ಷ ಆಫೀಸಿನವರು ಎಂಟು ದಿನ ಹಾಂಗ್‌ಕಾಂಗಿಗಿ ಕಳ್ಸಿದ್ರು. ಒಂದಿನ ರಾತ್ರಿ ಅಲ್ಲಿಂದ ವಿಡಿಯೋ ಕಾಲ್ ಮಾಡಿ ಒಂದು ಸಣ್ಣ ಬಟ್ಲ ತೋರಿಸಿದಳು. ತೆಳ್ಳನ ಸಾರು, ಅದರಾಗ ಹಳದಿ ಬಣ್ಣದ ಸಣ್ಣ ಎಳಿ, ಎಳಿ ಕೆಳಗ ಸಿಗಡಿ ತುಂಬಿದ ಸಣ್ಣ ಸಣ್ಣ ಕಡಬು. ಅದಕ್ಕ ವೊಂಟನ್ ನೂಡಲ್ಸ್ ಅಂತಾರಂತ. ಆ ಊರ ಕಡಿ ಮಾತಿನಾಗ ಆ ಕಡಬಿನ ಹೆಸರು ಬರಿಯೋ ಅಕ್ಷರಕ್ಕ ‘ಮೋಡ ನುಂಗೋದು’ ಅಂತ ಅರ್ಥ ಅಂತ. ಆಕಿ ತಿಂದಳೋ ಬಿಟ್ಟಳೋ ನಾ ಕೇಳಿಲ್ಲ, ಆಕಿ ಹೇಳಿಲ್ಲ.

ಆದ್ರ ಎಳಿ ಮಾಡೋದ್ರದು ಒಂದು ವಿಡಿಯೋ ಕಳ್ಸಿದ್ಳು, ಅದು ನನ್ನ ಕಣ್ಣಾಗ ಕುಂತು ಬಿಡ್ತು. ದೊಡ್ಡ ಬಿದಿರಿನ ಬೊಂಬು. ಅದರ ಒಂದು ತುದಿ ಗ್ವಾಡಿ ಕಡಿ ಸಿಗಿಸ್ಯಾರ. ಇನ್ನೊಂದು ತುದಿ ಮ್ಯಾಲ ಒಬ್ಬ ಗಂಡಸ ಕುಂತು, ಒಂದು ಕಾಲು ನೆಲಕ್ಕ ಊರಿ, ಕುಪ್ಪಳಿಸಿ ಕುಪ್ಪಳಿಸಿ ಕಣಕ ಒತ್ತತಾನ. ಕೆಳಗ ಹಲಗಿ ಮ್ಯಾಲ ಹಿಟ್ಟು. ತತ್ತಿ ಹಾಕಿ ನಾದಿದ ಹಿಟ್ಟಂತ. ಅವನ ಅಂಗಡಿ ಮುಂದ ಮಂದಿ ಪಾಳಿ ಹಚ್ಚಿ ನಿಂತಾರ. ಬ್ಯಾರೆ ದೇಶದವರು ಬಂದು ಫೋಟೋ ತೆಗೀಲತ್ತಾರ.

ಆಮ್ಯಾಗ ಮಗಳು ಕೇಳಿದ್ಳು: “ಮಮ್ಮಿ, ಬ್ಯಾಸಗಿ ಸೂಟಿದಾಗ ನನ್ನ ಜೋಡಿ ಇಬ್ಬರು ಗೆಳತ್ಯಾರು ಬೀದರ ಕೋಟಿ ನೋಡ್ಲಿಕ್ಕಿ ಬರ್ತಾರ. ಆಯಿ ಮಾಡ್ತಿದ್ರಲ್ಲ, ಆ ಕೈಶ್ಯಾವಿಗಿ ಅವರಿಗಿ ತಿನಿಸಬೇಕು. ಬೀದರದಾಗ ಯಾವ ಹೋಟೆಲ್‌ದಾಗ ಸಿಗ್ತದ?”

ನಾ ಭಾಳ ಜೋರಿಲೆ ಅಂದೆ, “ಅಯ್ಯ, ಶ್ಯಾವಿಗಿ ಏನ್ ದೊಡ್ಡ ಮಾತು! ಎಲ್ಲಿ ಬೇಕಲ್ಲಿ ಸಿಗ್ತದ.”

ಮರದಿನ ಚೀಲ ಹಿಡ್ಕೊಂಡು ಬಜಾರಕ್ಕ ಹೋದೆ. ಗಾಂಧಿಗಂಜದಾಗ ಕಿರಾಣಿ ಅಂಗಡಿ ಕೇಳಿದೆ, ಪಾಕೀಟ್ ತೆಗದು ಕೊಟ್ಟರು. ಕೈಶ್ಯಾವಿಗಿ ಅಂದೆ, ನಕ್ಕರು. ಖಾನಾವಳಿಗಿ ಹೋಗಿ ಕೇಳಿದೆ. ಜ್ವಾಳದ ರೊಟ್ಟಿ ಅದ, ಪುಂಡಿಪಲ್ಯ ಅದ, ಹೋಳಿಗಿ ಬೇಕಂದ್ರ ಮೊದ್ಲು ಹೇಳ್ರಿ ಅಂದ್ರು. ಶ್ಯಾವಿಗಿ ಇಲ್ಲ. ಸಂಜಿಗಿ ಬಂಡಿಗೋಳು ನಿಲ್ತಾವಲ್ಲ, ಅಲ್ಲಿ ಚೈನೀಸ್ ನೂಡಲ್ಸ್ ಅದ, ಗೋಬಿ ಮಂಚೂರಿ ಅದ. ಆ ಮಂಚೂರಿ ಚೀನಾದ್ದೂ ಅಲ್ಲ. 1975ರಾಗ ಮುಂಬಯಿದಾಗ ನೆಲ್ಸನ್ ವಾಂಗ್ ಅನ್ನೋ ಅಡುಗಿಯವರು ಕೋಳಿ ಹಾಕಿ ಮಾಡಿದ ಹೊಸ ಅಡುಗಿ ಅದು, ಗೋಬಿ ಆಮ್ಯಾಗ ಬಂತು. ಹಂಗಂದ್ರ ಐವತ್ತು ವರ್ಷದ ಮಂಚೂರಿ ನಮ್ಮೂರಾಗ ಮೂಲಿ ಮೂಲಿಗಿ ಸಿಗ್ತದ, ಸಾವಿರ ವರ್ಷದ ಶ್ಯಾವಿಗಿ ಒಂದು ಹೋಟೆಲ್‌ದಾಗೂ ಸಿಗಲಿಲ್ಲ.

ಸಾವಿರ ವರ್ಷ ಅಂದದ್ದು ಸುಮ್ನ ಅಂದಿದ್ದಲ್ಲ. ಕನ್ನಡದಾಗ ‘ಲೋಕೋಪಕಾರ’ ಅಂತ ಒಂದು ಹಳೇ ಪುಸ್ತಕ ಅದ. 1025ರಾಗ ಚಾವುಂಡರಾಯ ಅನ್ನೋ ಕವಿ ಬರದದ್ದು. ಆಗ ಚಾಲುಕ್ಯರ ಜಯಸಿಂಹ ರಾಜ. ಬಾವಿ ತೋಡೋದು, ಗಿಡ ಹಚ್ಚೋದು, ದನದ ಔಷಧ, ಅತ್ತರ, ಅಡುಗಿ, ಹಿಂಗ ಮನಿತನಕ್ಕ ಬೇಕಾದದ್ದೆಲ್ಲಾ ಅದರಾಗ ಅದ. ಅದರ ಅಡುಗಿ ಭಾಗದಾಗ ಶ್ಯಾವಿಗಿ ಒತ್ತೋ ಅಚ್ಚಿನ ಮಾತು ಬರ್ತದ. ಅದಾಗಿ ನೂರು ವರ್ಷಕ್ಕ, 1129ರ ಸುಮಾರಿಗಿ, ಕಲ್ಯಾಣದಾಗ ಕುಂತು ಮೂರನೇ ಸೋಮೇಶ್ವರ ರಾಜ ‘ಮಾನಸೋಲ್ಲಾಸ’ ಬರ್ದ. ಅದರಾಗೂ ರಾಜರ ಊಟದ್ದೇ ಒಂದು ಭಾಗ ಅದ. ಕಲ್ಯಾಣ ಅಂದ್ರ ನಮ್ಮ ಬಸವಕಲ್ಯಾಣನೇ. ಬಸ್ಸಿಗಿ ಕುಂತ್ರ ಎರಡು ತಾಸಿನ ಹಾದಿ. ಅಂದ್ರ ಅಡುಗಿ ಬಗ್ಗೆ ಬರಿಯೋ ರೂಢಿ ನಮ್ಮ ನಾಡಿಗಿ ಹೊಸದಲ್ಲ. ಬರದವರು ಗಂಡಸರು, ಉಂಡವರು ರಾಜರು. ಮಾಡಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಎಳಿ ಮಾಡಿ ಉಣ್ಣೋದು ಯಾರ ಊರಾಗ ಮೊದಲು ಅಂತ ಜಗಳ ಬ್ಯಾಡ. ಚೀನಾದ ಲಾಜಿಯಾ ಅನ್ನೋ ಹಳ್ಯಾಗ ನೆಲ ಅಗದಾಗ, ಬೋರಲ ಬಿದ್ದ ಒಂದು ಮಣ್ಣಿನ ಬಟ್ಲದ ಕೆಳಗ ನಾಲ್ಕು ಸಾವಿರ ವರ್ಷದ ಹಿಂದಿನ ಎಳಿ ಸಿಕ್ಕಾವ ಅಂತ 2005ರಾಗ ವಿಜ್ಞಾನಿಗಳು ಬರದಾರ. ಅವು ಗೋಧಿವಲ್ಲ, ನವಣಿ ಬರಗಿನವು ಅಂತ ಹೇಳ್ಯಾರ. ಅದನ್ನ ಓದಿ ನನಗ ಖುಷಿನೇ ಆತು. ಎಲ್ಲಿಯದೋ ಊರು, ಯಾವ ಕಾಲದ್ದೋ ಹೆಣ್ಮಗಳು, ಕಾಳು ಮಾತ್ರ ನಮ್ಮ ಹೊಲದ್ದೇ.

ಈಗ ನಮ್ಮ ಶ್ಯಾವಿಗಿಗಿ ಬರ್ತೀನಿ. ಅಚ್ಚಿನಾಗ ಒತ್ತೋ ಶ್ಯಾವಿಗಿ ಬ್ಯಾರೆ, ಮಣಿ ಮ್ಯಾಲ ಹೊಸಿಯೋ ಶ್ಯಾವಿಗಿ ಬ್ಯಾರೆ. ನಾ ಹೇಳಲತ್ತಿದ್ದು ಹೊಸಿಯೋದ್ರ ಬಗ್ಗೆ. ನನ್ನ ತವರು ಔರಾದ ಕಡಿ, ಕೊಟ್ಟ ಮನಿ ಭಾಲ್ಕಿ. 1988ರಾಗ ಪಿಯುಸಿ ಮುಗದ ವರ್ಷನೇ ಲಗ್ನ ಆಗಿ ಭಾಲ್ಕಿಗಿ ಬಂದೆ. ಯುಗಾದಿ ಮುಗೀತು ಅಂದ್ರ ಅತ್ತಿ ಮನ್ಯಾಗ ಶ್ಯಾವಿಗಿ ಕೆಲ್ಸ ಚಾಲೂ. ಮೊದಲು ಗೋಧಿ ತೊಳದು ಹಸಿ ಅರಿವ್ಯಾಗ ಕಟ್ಟಿ ರಾತ್ರಿ ಇಡಬೇಕು. ತೊಗಟಿ ಮೆತ್ತಗಾಗಿ ಬಿಟ್ಟು ಬರಲಿ ಅಂತ. ಮರದಿನ ಬೀಸಿ, ಜರಡಿ ಹಿಡದು, ಆಮ್ಯಾಗ ತೆಳ್ಳನ ಅರಿವಿಲೆ ಸಾಣಿಸಬೇಕು. ಅದರಾಗ ಸಣ್ಣ ರವಾ ಬ್ಯಾರೆ ತೆಗೀಬೇಕು. ಜರಾ ಉಪ್ಪು ನೀರು ಹಾಕಿ ಗಟ್ಟಿ ನಾದಿ, ಒಳ್ಳಾಗ ಹಾಕಿ ಒನಕಿಲೆ ಕುಟ್ಟಬೇಕು. ಕಣಕ ಎಳದ್ರ ರಬ್ಬರ್ ಹಂಗ ಆಗೋತನ ಕುಟ್ಟಬೇಕು. ಹಾಂಗ್‌ಕಾಂಗಿನ ಗಂಡಸ ಬೊಂಬಿನ ಮ್ಯಾಲ ಕುಂತು ಮಾಡೋದು ಇದೇ ಕೆಲ್ಸ. ಗೋಧ್ಯಾಗಿನ ಅಂಟು ಎದ್ದು ಬರಬೇಕು, ಅಂದ್ರನೇ ಎಳಿ ಹರಿಯಲ್ಲ.

ಆಮ್ಯಾಗ ಶ್ಯಾವಿಗಿ ಮಣಿ. ಉದ್ದನ ಕಟ್ಟಿಗಿ ಹಲಗಿ, ಅದರ ಮ್ಯಾಲ ಸಣ್ಣ ಸಣ್ಣ ಗೀರು. ಒಂದು ತುದಿ ಹೊರಸಿನ ಮ್ಯಾಲ, ಇನ್ನೊಂದು ತುದಿ ಕೆಳಗ ಇಳಿಜಾರು. ಒಬ್ಬಾಕಿ ಮ್ಯಾಲ ಕುಂತು ಕಣಕದ ಉಂಡಿ ಅಂಗೈಲೆ ಒತ್ತಿ ಒತ್ತಿ ಹೊಸದ್ರ, ಕೆಳಗ ದಾರ ಇಳದಂಗ ಎಳಿ ಇಳೀತದ. ಇನ್ನೊಬ್ಬಾಕಿ ಕೆಳಗ ಕುಂತು ಎಳಿ ಹಿಡಕೊಂಡು ಎರಡು ಕೈಲೆ ಮಡಚಿ ಮಡಚಿ ಸಣ್ಣ ಮಾಡ್ತಾಳ. ಮೂರನೇದಾಕಿ ಕೋಲಿಗಿ ಹಾಕ್ತಾಳ. ಎರಡು ಹೊರಸಿನ ನಡುವ ಕೋಲು ಇಟ್ಟು ನೆರಳಾಗ ಆರಿಸಬೇಕು. ಹಸಿ ಎಳಿ ಸೀದಾ ಬಿಸಲಿಗಿ ಇಟ್ರ ತುಂಡ ತುಂಡ ಆಗ್ತದ. ನಾಲ್ಕನೇದಾಕಿ ಕಣಕ ಒಣಗಲಾರದಂಗ ಎಣ್ಣಿ ಕೈ ಹಚ್ಚಿ ಮಿದೀತಿರಬೇಕು. ನೋಡ್ರಿ, ಒಬ್ಬಾಕಿಲಿಂದ ಇದು ಆಗೋ ಕೆಲ್ಸನೇ ಅಲ್ಲ.

ಅದಕ್ಕೇ ಮುಯ್ಯಿ ಇತ್ತು. ಇವತ್ತು ನಮ್ಮ ಮನಿ ಶ್ಯಾವಿಗಿ, ನಾಳಿ ನಿಮ್ಮ ಮನಿದು. ನೀವು ಎರಡು ದಿನ ಬಂದ್ರ ನಾವು ಎರಡು ದಿನ ಬರ್ತೇವು. ರೊಕ್ಕದ ಮಾತಿಲ್ಲ. ಹೊಸಿಯೋ ಹೆಣ್ಮಕ್ಕಳಿಗಿ ಮಧ್ಯಾಹ್ನ ರೊಟ್ಟಿ ಊಟ, ನಾಲ್ಕರ ಚಹಾ. ಲಗ್ನದ ಮನ್ಯಾಗ ರುಕವತದ ಶ್ಯಾವಿಗಿ ಬ್ಯಾರೆ, ಬೀಗರ ಊಟದ ಶ್ಯಾವಿಗಿ ಬ್ಯಾರೆ. ಮಾವಿನಹಣ್ಣಿನ ದಿನದಾಗ ಶೀಕರಣಿ ಜೋಡಿ ಬಸದ ಶ್ಯಾವಿಗಿ, ಅದರ ಮ್ಯಾಲ ತುಪ್ಪ. ಹೊಸಾ ಅಳ್ಯಾ ಬಂದ್ರ ಅದು ಆಗಲೇಬೇಕು. ಜ್ವಾಳ ಉಣ್ಣೋ ನಾಡು ನಮ್ದು. ಗೋಧಿ ಹಬ್ಬಕ್ಕ ಇತ್ತು, ದಿನಾ ಉಣ್ಣೋ ವಸ್ತಲ್ಲ. ಅದಕ್ಕೇ ಶ್ಯಾವಿಗಿಗಿ ಆ ಮಾನ.

1995ರಾಗ ನಮ್ಮವರ ನೌಕರಿ ಸಲುವಾಗಿ ಬೀದರಕ್ಕ ಬಂದು ಚೌಬಾರಾ ಹತ್ರ ಬಾಡಿಗಿ ಮನ್ಯಾಗ ಇದ್ದೆವು. ಅಲ್ಲಿ ಬಾಜೂ ಮನಿ ಖಾಲಾ ನನಗ ಊರು ಕಲಿಸಿದವರು. ರಮಜಾನ್ ಈದಿಗಿ ಶೀರ್ ಖುರ್ಮಾ ಕಳ್ಸತಿದ್ರು. ತುಪ್ಪದಾಗ ಹುರದ ಸಣ್ಣ ಸೇವಯಿ, ಹಾಲು, ಖಜೂರ, ಚಾರೋಳಿ. ಶೀರ್ ಅಂದ್ರ ಫಾರ್ಸಿದಾಗ ಹಾಲು, ಖುರ್ಮಾ ಅಂದ್ರ ಖಜೂರ. ನಮ್ಮ ಬೀದರಕ್ಕ ಫಾರ್ಸಿ ಮಾತು ಬಂದದ್ದು ಬಹಮನಿ ಸುಲ್ತಾನರ ಕಾಲಕ್ಕ. ಮಹಮೂದ್ ಗವಾನ್ ಸಾಹೇಬರು ಇರಾನಿನ ಗೀಲಾನ್ ಕಡಿಂದ 1453ರಾಗ ಬೀದರಕ್ಕ ಬಂದ್ರು, 1472ರಾಗ ಮದರಸಾ ಕಟ್ಟಿಸಿದ್ರು. ಈಗ ನಾವು ಕಾಯಿಪಲ್ಯ ತರ್ಲಿಕ್ಕಿ ಹೋಗೋ ಹಾದ್ಯಾಗೇ ಅದ ಆ ಮದರಸಾ, ನೀಲಿ ಹಂಚು ಹಚ್ಚಿದ್ದು.

ಒಂದಿನ ಖಾಲಾ ಒಂದು ಮಾತು ಹೇಳಿದ್ರು. “ಬೇಟಿ, ಫಾರ್ಸಿದಾಗ ರಿಶ್ತಾ ಅಂದ್ರ ದಾರ. ಸೇವಯಿ ಎಳಿಗೂ ರಿಶ್ತಾ ಅಂತಾರ. ನಮ್ಮ ಉರ್ದುದಾಗ ರಿಶ್ತಾ ಅಂದ್ರ ಸಂಬಂಧ.” ನಾ ಭಾಂಡೆ ತಿಕ್ಕಲತ್ತಿದ್ದೆ, ಕೈ ನಿಂತು ಹೋತು. ಮುಯ್ಯಿ ಅಂತ ನಾವು ಅಂದದ್ದಕ್ಕೂ ಅವರು ರಿಶ್ತಾ ಅಂದದ್ದಕ್ಕೂ ಫರಕ್ ಏನದ?

ನಿಜಾಮನ ಕಾಲದಾಗ ನಮ್ಮ ಕಡಿ ಶಾಲಿ ಎಲ್ಲಾ ಉರ್ದು ಇದ್ದವು. ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಹೊರಗ ಉರ್ದು ಬೋರ್ಡು ಹಾಕಿ ಒಳಗ ಕನ್ನಡ ಕಲಿಸಿದ್ರು ಅನ್ನೋದು ನಮ್ಮ ಕಡಿ ಸಣ್ಣ ಹುಡುಗ್ರಿಗೂ ಗೊತ್ತದ. ಅಡಗಿಮನಿದೂ ಹಂಗೇ. ಬಜಾರದಾಗ ಸೇವಯಿ, ಒಲಿ ಮುಂದ ಶ್ಯಾವಿಗಿ. ಆಮ್ಯಾಗ 1956ರ ನವೆಂಬರ್ ಒಂದಕ್ಕ ರಾಜ್ಯ ಹಂಚಿದಾಗ ಹಳೇ ಬೀದರ ಜಿಲ್ಲಾ ಮೂರು ಪಾಲಾತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗಿ ಬಂದವು. ಉದಗೀರ, ನಿಲಂಗಾ, ಅಹಮದಪುರ ಆ ಕಡಿ ಮುಂಬಯಿ ರಾಜ್ಯಕ್ಕ, ಜಹೀರಾಬಾದ, ನಾರಾಯಣಖೇಡ ಈ ಕಡಿ ಆಂಧ್ರಕ್ಕ ಹೋದವು. ನನ್ನ ಅವ್ವನ ಒಬ್ಬ ತಂಗಿ ಉದಗೀರದಾಗ, ಇನ್ನೊಬ್ಬಾಕಿ ಜಹೀರಾಬಾದದಾಗ. ಒಬ್ಬಾಕಿ ಮನ್ಯಾಗ ‘ಶೇವಯಾ’, ಇನ್ನೊಬ್ಬಾಕಿ ಮನ್ಯಾಗ ‘ಸೇಮ್ಯಾ’, ನಮ್ಮವ್ವನ ಮನ್ಯಾಗ ಶ್ಯಾವಿಗಿ. ಮೂವರೂ ಕಲ್ತದ್ದು ಔರಾದದ ಒಂದೇ ಪಡಸಾಲ್ಯಾಗ, ಒಂದೇ ಮಣಿ ಮ್ಯಾಲ. ಸರ್ಕಾರದವರು ಗೆರಿ ಹೊಡದ್ರು, ಎಳಿ ಹರಿಲಿಲ್ಲ.

ಎಳಿ ಹರದದ್ದು ಬ್ಯಾರೆ ಕಾರಣಕ್ಕ. ಮೊದಲ್ನೇದು ಗೋಧಿ. ಶ್ಯಾವಿಗಿಗಿ ಬೇಕಾದದ್ದು ಬನ್ಸಿ ಅಂತ ಅಂತೀವಲ್ಲ, ಆ ಗಟ್ಟಿ ಜವಾರಿ ಗೋಧಿ. ಭಾಲ್ಕಿ, ಔರಾದದ ಕರಿ ಭೂಮ್ಯಾಗ ಹಿಂಗಾರಿಗಿ ಬಿತ್ತಿ, ಇಬ್ಬನಿ ಮ್ಯಾಲೇ ಬೆಳೀತಿದ್ರು. 1960ರ ದಶಕದಾಗ ಮೆಕ್ಸಿಕೋ ತಳಿಯ ಗಿಡ್ಡ ಗೋಧಿ ಭಾರತಕ್ಕ ಬಂತು, ಪಂಜಾಬದಾಗ ರಾಶಿ ರಾಶಿ ಬೆಳೀತು. ಅದು ದೇಶದ ಹಸಿವು ಹಿಂಗಿಸ್ತು, ಅದಕ್ಕ ಹೆಸರಿಡಬಾರ್ದು. ಚಪಾತಿಗಿ ಮೆತ್ತಗ ಛಲೋ. ಆದ್ರ ಮಣಿ ಮ್ಯಾಲ ಹೊಸದ್ರ ಎಳಿ ಗೇಣು ಇಳಿಯೋದ್ರಾಗ ಹರೀತದ. ಈಗ ಹೊಲದಾಗ ಸೋಯಾ, ತೊಗರಿ, ಕಬ್ಬು. ಬನ್ಸಿ ಬಿತ್ತೋರು ಹುಡುಕಬೇಕು.

ಎರಡ್ನೇದು ಮಷೀನ. ಹೊರಸಿಗಿ ಸ್ಕ್ರೂ ಹಚ್ಚಿ ಕೈಲೆ ತಿರುಗಿಸೋ ಕಬ್ಬಿಣದ ಮಷೀನ ಬಂತು. ನಮ್ಮ ಮನ್ಯಾಗ 1993ರಾಗ ತಂದೆವು. ಆಮ್ಯಾಗ ಓಣಿಗೊಂದು ಕರೆಂಟಿನ ಮಷೀನ ಬಂತು. ರವಾ ಒಯ್ದು ಕೊಟ್ರ ತಾಸಿನಾಗ ಮಾಡಿ ಕೊಡ್ತಾರ, ಕಿಲೋಕ್ಕ ಇಷ್ಟು ಅಂತ ರೊಕ್ಕ. ಅದರ ನಡುವ 1983ರಾಗ ಮ್ಯಾಗಿ ಭಾರತಕ್ಕ ಬಂದಿತ್ತು, ನಮ್ಮ ಮಕ್ಕಳ ಕಾಲಕ್ಕ ಭಾಲ್ಕಿ ಅಂಗಡಿಗೂ ಮುಟ್ಟಿತ್ತು.

ಇಲ್ಲಿ ಒಂದು ಖರೇ ಮಾತು ಹೇಳಬೇಕು. ಮಷೀನ ಬಂದ ದಿನ ಎಲ್ಲಾರಕಿಂತ ಹೆಚ್ಚಿಗಿ ಖುಷಿ ಆದಾಕಿ ನಾನೇ. ಹದಿನೈದು ದಿನ ಬಿಸಲಾಗ ಕುಂತು ಹೊಸದು ಹೊಸದು ಅಂಗೈ ಸುಲದು, ಸೊಂಟ ಬಿದ್ದು ಹೋಗ್ತಿತ್ತು. ಸಣ್ಣ ಕೂಸು ಅಳಲತ್ರೂ ಏಳಂಗಿಲ್ಲ, ಕಣಕ ಒಣಗ್ತದ ಅಂತ. ಈಗಿನವರು ‘ಆ ಕಾಲ ಎಷ್ಟ್ ಛಂದ’ ಅಂತಾರಲ್ಲ, ಅವರು ಮಣಿ ಮ್ಯಾಲ ಕುಂತವರಲ್ಲ. ಮಷೀನ ಬಂದ ಮ್ಯಾಲ ಮಣಿ ಹಿತ್ತಲದಾಗ ನೀರಿನ ಬ್ಯಾರಲ್ ಕೆಳಗ ಹೋತು. ಒಯ್ದು ಇಟ್ಟಾಕಿ ನಾನೇ.

ಆ ಮಣಿ ನಮ್ಮ ಸಣ್ಣತ್ತಿಯವರ್ದು. ಇಷ್ಟೊತ್ತನ ಹೇಳ್ಬೇಕೋ ಬ್ಯಾಡೋ ಅಂತ ತಡದಿದ್ದೆ, ಈಗ ಹೇಳ್ತೀನಿ. ಸಣ್ಣತ್ತಿ ಅಂದ್ರ ನಮ್ಮ ಅತ್ತಿಯವರ ನೆಗೆಣಿ. ಇಪ್ಪತ್ತೆರಡು ವರ್ಷಕ್ಕೇ ಗಂಡನ ಕಳಕೊಂಡವರು, ಮಕ್ಕಳಿಲ್ಲ. ಅವರಂಗ ಶ್ಯಾವಿಗಿ ಹೊಸಿಯೋರು ಭಾಲ್ಕಿದಾಗ ಇರಲಿಲ್ಲ. ಅವರ ಎಳಿ ಸೂಜಿ ಕಣ್ಣಾಗ ಹೋಗ್ತದ ಅಂತ ಮಂದಿ ಚ್ಯಾಷ್ಟಿ ಮಾಡ್ತಿದ್ರು. 1991ರಾಗ ನನ್ನ ನಾದಿನಿ ಲಗ್ನ. ಲಗ್ನದ ಶ್ಯಾವಿಗಿಗಿ ಐದು ಮಂದಿ ಮುತ್ತೈದೇರು ಮಣಿಗಿ ಅರಿಷಿಣ ಕುಂಕುಮ ಹಚ್ಚಿ ಹಾಡು ಹಾಡಿ ಸುರು ಮಾಡೋದು ಪದ್ಧತಿ. ಸಣ್ಣತ್ತಿಯವರಿಗಿ ಕರೀಲಿಲ್ಲ. ಅವರ ಮಣಿ ಬೇಕಾತು, ಅವರ ಕೈ ಬ್ಯಾಡಾತು. ಅವರು ಹಿತ್ತಲ ಬಾಗಲಾಗ ಕುಂತು ರವಾ ಸಾಣಿಸಿದ್ರು.

ಆ ದಿನ ಎಳಿ ಸುಮಾರ ಬಂತು, ದಪ್ಪ. ಬೀಗರು ದೊಡ್ಡವರು. ಅತ್ತಿಯವರಿಗಿ ಚಿಂತಿ ಹತ್ತಿತು. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಸಣ್ಣತ್ತಿಯವರನ್ನ ಎಬ್ಬಿಸಿದ್ರು. ಒಳಗಿನ ಖೋಲ್ಯಾಗ, ಬಾಗಲ ಹಾಕಿ, ಕಂದೀಲ ಹಚ್ಚಿ, ಅವರು ಬೆಳತನ ಹೊಸದ್ರು. ಕೆಳಗ ಎಳಿ ಹಿಡದಾಕಿ ನಾನು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಮುಂಜಾನಿ ಕೋಲಿನ ಮ್ಯಾಲ ಜೋತ ಬಿದ್ದ ಆ ಎಳಿ ನೋಡಿ ಎಲ್ಲಾರೂ ಬಾಯಿ ಮ್ಯಾಲ ಬೆಟ್ಟಿಟ್ರು. ಐದು ಮಂದಿ ಮುತ್ತೈದೇರಿಗಿ ಖಣ ಕೊಟ್ರು, ಉಡಿ ತುಂಬಿದ್ರು. ಸಣ್ಣತ್ತಿ ಒಲಿ ಮುಂದ ಕುಂತು ಚಹಾಕ್ಕ ನೀರಿಟ್ಟಿದ್ರು. ನನಗ ಎಲ್ಲಾ ಗೊತ್ತಿತ್ತು. ಹೊಸಾ ಸೊಸಿ, ಬಾಯಿ ಬಿಡಲಿಲ್ಲ. 2003ರಾಗ ಅವರು ತೀರಿಕೊಂಡ್ರು. ಆಗಲೂ ಬಿಡಲಿಲ್ಲ. ಅವರಿದ್ದಾಗ ‘ನಿಮ್ಮ ಕೈ ದೊಡ್ಡದು ಸಣ್ಣತ್ತಿ’ ಅಂತ ಒಂದು ಮಾತು ಅನ್ಲಿಕ್ಕಿ ನನ್ನ ಗಂಟೇನು ಹೋಗ್ತಿತ್ತು?

ಮಗಳ ಪ್ರಶ್ನಿಗಿ ಜವಾಬು ಹುಡುಕ್ಕೋತ ಇದೆಲ್ಲಾ ಎದಿಗಿ ಬಂತು. ಹಾಂಗ್‌ಕಾಂಗಿನ ಎಳಿ ಮೊದಲ ಗ್ವಾಂಗ್‌ಝೌ ಊರಿನ ಗಲ್ಲಿ ಗಲ್ಲ್ಯಾಗ ಗಂಡಸರು ಹೆಗಲ ಮ್ಯಾಲ ಹೊತ್ತು ಮಾರ್ತಿದ್ರಂತ. 1949ರ ಆಸುಪಾಸು ಅಲ್ಲಿಂದ ಹಾಂಗ್‌ಕಾಂಗಿಗಿ ಹೋದವರು ಅಂಗಡಿ ತೆರದ್ರು. ಅದಕ್ಕ ಮೊದಲಿಂದ ರೇಟ್ ಇತ್ತು, ಬೋರ್ಡ್ ಇತ್ತು, ಮಾಡಿದವನ ಹೆಸರಿತ್ತು. ಅದಕ್ಕೇ ಇವತ್ತು ‘ಎಲ್ಲಿ ಸಿಗ್ತದ’ ಅಂದ್ರ ಗಲ್ಲಿ ಹೆಸರು, ಅಂಗಡಿ ಹೆಸರು ಹೇಳ್ಲಿಕ್ಕಿ ಬರ್ತದ. ನಮ್ಮ ಶ್ಯಾವಿಗಿ ಪಡಸಾಲಿ ದಾಟಿ ಹೊರಗ ಬರಲಿಲ್ಲ. ಅದಕ್ಕ ರೇಟ್ ಇರಲಿಲ್ಲ, ಮುಯ್ಯಿ ಇತ್ತು. ಮುಯ್ಯಿ ಮುರದ ದಿನ ಶ್ಯಾವಿಗಿನೂ ಮುಗೀತು. ಮಾಡಿದವರ ಹೆಸರು ನಾವೇ ಹೇಳಲಿಲ್ಲ ಅಂದ ಮ್ಯಾಲ ಹೋಟೆಲ್‌ದವ ಏನ್ ಬೋರ್ಡ್ ಹಾಕ್ತಾನ?

ಆದ್ರೂ ನಾ ಹುಡುಕೋದು ಬಿಡಲಿಲ್ಲ. ನಿಮಗೂ ಉಪಯೋಗ ಆಗ್ತದ ಅಂತ, ಸಿಕ್ಕದ್ದು ಸಿಕ್ಕಂಗ ಹೇಳ್ತೀನಿ.

ಬೀದರದಾಗ ರಮಜಾನ್ ತಿಂಗಳ ಕಡೀಗಿ ಹಳೇ ಊರಿನ ಬಜಾರದಾಗ ಸೇವಯಿ ರಾಶಿ ಬೀಳ್ತದ. ಮಷೀನದ್ದೇ, ಆದ್ರ ಸಣ್ಣದು, ಹುರದದ್ದೂ ಸಿಗ್ತದ. ಶೀರ್ ಖುರ್ಮಾ ಮಾತ್ರ ಅಂಗಡ್ಯಾಗಲ್ಲ, ಬಾಜೂ ಮನಿ ಖಾಲಾನ ಕೈದು ಉಣಬೇಕು. ಬಾಜೂ ಮನಿಯವರ ಜೋಡಿ ಮಾತಿರಬೇಕು, ಅಷ್ಟೇ.

ಭಾಲ್ಕಿದಾಗ ಮಹಿಳಾ ಸಂಘದವರನ್ನ ಕೇಳ್ರಿ. 2000-01ರಾಗ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದ ಮ್ಯಾಲ ಹಳ್ಳಿ ಹಳ್ಳ್ಯಾಗ ಸಂಘ ಆದವು. ಹಪ್ಪಳ, ಸಂಡಿಗಿ, ಶ್ಯಾವಿಗಿ ಮಾಡಿ ಮಾರೋರು ಹಾರ. ಬಹಳಷ್ಟು ಮಷೀನದ್ದು, ಆದ್ರ ರವಾ ಮನ್ಯಾಗ ತೆಗದದ್ದು. ಮೊದಲು ಹೇಳಿದ್ರ ಕೈದೂ ಮಾಡಿ ಕೊಡ್ತೇವು ಅಂದ್ರು ಇಬ್ಬರು. ರೇಟ್ ಕೇಳಿ ನನ್ನ ಜೋಡಿ ಬಂದಾಕಿ ‘ಇಷ್ಟಾ?’ ಅಂದಳು. ನಾ ಅಂದೆ, ನಾಲ್ಕು ಮಂದಿ ಕೂಲಿ ಲೆಕ್ಕ ಹಾಕು ತಾಯಿ, ಅವರು ಕಮ್ಮಿನೇ ಹೇಳ್ಯಾರ.

ಔರಾದ ಕಡಿ ಹಳ್ಳ್ಯಾಗ ಲಗ್ನದ ಮನಿ ಅಂದ್ರ ಈಗೂ ಒಂದು ಮಣಿ ಎಲ್ಲೋ ಅಟ್ಟದಿಂದ ಇಳೀತದ. ಶಾಸ್ತ್ರಕ್ಕ ಐದು ಎಳಿ ಹೊಸದು, ಉಳದದ್ದು ಮಷೀನಿಗಿ ಕಳ್ಸತಾರ. ನಮ್ಮ ಅಣ್ಣನ ಮನ್ಯಾಗ ಹಂಗೇ ಆತು. ವೈನಿಗಿ ಹೇಳಿ ಆ ಐದು ಎಳಿ ಒಂದು ವಾಟಗದಾಗ ಹಾಕಿ ಇಸಕೊಂಡು ಬಂದೆ.

ಬ್ಯಾಸಗಿಗಿ ಮಗಳು ಗೆಳತ್ಯಾರ ಜೋಡಿ ಬಂದಳು. ಕೋಟಿ, ಮದರಸಾ, ಚೌಬಾರಾ ಎಲ್ಲಾ ತೋರಿಸಿ, ಮರದಿನ ಭಾಲ್ಕಿಗಿ ಕರಕೊಂಡು ಹೋದೆ. ಹಿತ್ತಲಕ್ಕ ಹೋಗಿ ಬ್ಯಾರಲ್ ಸರಿಸಿ ಮಣಿ ತೆಗದೆ. ಒಂದು ತುದಿ ನೀರಿಗಿ ಕೊಳತಿತ್ತು, ಗೆದ್ದಲ ಹತ್ತಿತ್ತು. ಬಡಿಗ್ಯಾ ಆ ಕಡಿ ಗೇಣು ಕೊರದು ತೆಗದ. ಉಳದದ್ರಾಗ ಗೀರು ಇನ್ನಾ ಅದಾವ. ನಡುವ ಅಂಗೈ ಓಡಾಡಿದ ಜಾಗ ಸವದು ನುಣ್ಣಗ ಆಗ್ಯಾದ.

ಅತ್ತಿಯವರಿಗಿ ಈಗ ಎಂಬತ್ನಾಲ್ಕು. ಕಣ್ಣು ಮಂಜ, ಕೈ ನಡುಗ್ತಾವ. ಹೊರಸಿನ ಮ್ಯಾಲ ಕುಂತು ಹೇಳ್ಕೋತ ಹೋದ್ರು, ನಾವು ಮಾಡಿದೆವು. ಬನ್ಸಿ ಗೋಧಿ ನಮ್ಮಣ್ಣ ಹುಡುಕಿ ಮೂರು ಕಿಲೋ ಕಳ್ಸಿದ್ದ. ಖಾಲಾ ಈಗ ಇಲ್ಲ, ಅವರ ಸೊಸಿ ಬೀದರದಿಂದ ನಮ್ಮ ಜೋಡೀನೇ ಬಂದಿದ್ದಳು. ಮಗಳು, ಆಕಿ ಗೆಳತ್ಯಾರು, ನಾನು, ನಾದಿನಿ. ಒಟ್ಟ ಆರು ಹೆಣ್ಮಕ್ಕಳು ದಿನಾ ಎಲ್ಲಾ ಕುಂತು ಹೊಸದದ್ದು ಒಂದು ಪಾವು ಕಿಲೋ ಆಗಿರಬೇಕು. ದಪ್ಪ, ಗಂಟ ಗಂಟ. ನೂರು ಸಲ ಹರೀತು. ಹರದಾಗೊಮ್ಮೆ ಅತ್ತಿ ‘ಕಣಕ ಇನ್ನಾ ಕುಟ್ರಿ’ ಅಂತಿದ್ರು.

ಸಂಜಿಗಿ ಮಣಿ ಒರಸಿ ಇಡೋ ಹೊತ್ನ್ಯಾಗ ಅತ್ತಿ ಆ ಸವದ ಜಾಗಕ್ಕ ಕೈ ಆಡಿಸಿದ್ರು. ನನ್ನ ಮುಖ ನೋಡ್ಲಿಲ್ಲ. “ಇದು ಆಕಿ ಮಣಿ” ಅಂದ್ರು. “ಆಕಿ ಕೈ ನಂಗ ಬರಲಿಲ್ಲ. ಆ ದಿನ ಆಕಿಗೂ ಒಂದು ಖಣ ಕೊಡಬೇಕಿತ್ತು.” ನಾದಿನಿ ಕೈಯಾಗಿನ ಕೋಲು ಹಂಗೇ ಹಿಡದು ನಿಂತಳು. ತನ್ನ ಲಗ್ನದ ಶ್ಯಾವಿಗಿ ಯಾರ ಕೈದು ಅಂತ ಆಕಿಗಿ ಗೊತ್ತಾದದ್ದು ಆ ದಿನ.

ರಾತ್ರಿ ಶ್ಯಾವಿಗಿ ಮಾಡಿದೆವು. ಕುದಿಯೋ ನೀರಾಗ ಹಾಕಿ ಮೂರು ನಾಲ್ಕು ಮಿನಿಟ, ಬಸದು, ಮ್ಯಾಲ ತುಪ್ಪ, ಬಾಜೂಕ ಮಾವಿನ ಶೀಕರಣಿ. ಒಬ್ಬೊಬ್ಬರಿಗಿ ನಾಲ್ಕು ತುತ್ತು ಬಂದವು. ಹುಡುಗ್ಯಾರು ಫೋಟೋ ತೆಗದು ಎಲ್ಲಿಗೋ ಕಳ್ಸಿದ್ರು. ‘ಎಲ್ಲಿ ಸಿಕ್ತು’ ಅಂತ ಯಾರೋ ಕೇಳಿದ್ರಂತ. ಮಗಳು ನಮ್ಮ ಸಣ್ಣತ್ತಿಯವರ ಹೆಸರು ಬರದು, ‘ಅವರ ಮಣಿ ಮ್ಯಾಲ, ಭಾಲ್ಕಿ’ ಅಂತ ಹಾಕಿದಳು. ಹೆಸರು ನಾ ಇಲ್ಲಿ ಬರಿಯಂಗಿಲ್ಲ, ನಮ್ಮ ಮನಿಯವರಿಗೆಲ್ಲಾ ಗೊತ್ತದ. ಗೊತ್ತಿಲ್ಲದವರು ನನಗ ಫೋನ್ ಮಾಡ್ರಿ, ಹೇಳ್ತೀನಿ.

ಬರೋ ಯುಗಾದಿ ಆದ ಮ್ಯಾಲ ಮತ್ತ ಕುಂದರೋರು ಹಾರಿ. ಯಾರ ಮನಿ ಅಟ್ಟದ ಮ್ಯಾಲ ಮಣಿ ಅದ, ಯಾರ ಹೊಲದಾಗ ಬನ್ಸಿ ಗೋಧಿ ಅದ, ತಿಳಿಸ್ರಿ. ಬರೋರು ಎರಡು ದಿನ ಖಾಲಿ ಮಾಡ್ಕೊಂಡು ಬರ್ರಿ. ನಿಮ್ಮ ಮನಿಗೂ ಎರಡು ದಿನ ನಾ ಬರ್ತೀನಿ.